ಹಳೆಯ ಬಣ್ಣವನ್ನು ಕಳೆಯುವ ವಿದ್ಯೆ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಈ ಶುಭಸಂದರ್ಭದಲ್ಲಿ ನಾಲ್ಕು ಮಾತುಗಳನ್ನಾಡಬೇಕೆಂದು ಸಂಘದ ಕಾರ್ಯದರ್ಶಿಗಳು ನಮಗೆ ಅಪ್ಪಣೆ ಮಾಡಿದಾಗ, ಕನ್ನಡ ಪಂಡಿತರಾದ ನಾವು ಪಂಪನ ವಿಷಯವಾಗಿಯೋ ವಚನಕಾರರ ವಿಷಯವಾಗಿಯೋ ಮಾತನಾಡುವೆವೆಂದು ಅವರು ಎಣಿಸಿರಬೇಕು. ಆ ಮಹನೀಯರ ವಿಷಯವನ್ನು ಹೇಳಲು ನಮಗಿಂತ ಸಮರ್ಥರಾದವರು ಈ ವೇದಿಕೆಗೆ ಬಂದು ಹೋಗಿದ್ದಾರೆ; ಮುಂದೆಯೂ ಬರುವರು. ಆದುದರಿಂದ ಇಂದು ನಾವು ಬೇರೊಂದು ವಿಷಯವನ್ನು ಆರಿಸಿಕೊಂಡಿದ್ದೇವೆ. ಅದಾವುದೆಂದರೆ, ಹಳೆಯ ಮೋಟಾರು ಕಾರುಗಳ ಮೈತಗಡಿನಿಂದ ಹಳೆಯ ಬಣ್ಣವನ್ನು ಕಳೆಯುವ ವಿದ್ಯೆ.

ಇದನ್ನು ಕೇಳಿ ಕೆಲವರು ನಗುವುದು ಕಾಣುತ್ತಿದೆ. ನಗುವುದಕ್ಕೆ ಅಡ್ಡಿಯಿಲ್ಲ. ಆದರೆ ಇಲ್ಲಿ ನೆರೆದಿರುವ ಮನೆಗಳ ಗಂಡಸರೂ ತರುಣರೂ ಬೆಳಗಾದರೆ ಹೋಗುವುದು ಎಲ್ಲಿಗೆ? ನಿಪ್ಪಾಣಿ, ಸಂಕೇಶ್ವರ, ಹುಕ್ಕೇರಿಗಳ ಕಡೆಯಿಂದ ಹೊಟ್ಟೆಪಾಡನ್ನು ಅರಸಿ ಬಂದ ನಮ್ಮವರು ಗೋಕುಳ ಶಿರಗಾಂವದ ಔದ್ಯೋಗಿಕ ವಸಾಹತಿನಲ್ಲಿ ಎರಕದ ಮನೆಗಳಲ್ಲಿಯೂ, ಯಂತ್ರಶಾಲೆಗಳಲ್ಲಿಯೂ, ಹೆದ್ದಾರಿಯ ಬದಿಯ ಡೆಂಟಿಂಗ್-ಪೇಂಟಿಂಗ್ ಛಾವಣಿಗಳಲ್ಲಿಯೂ ದುಡಿಯುತ್ತಾರೆ. ಹತ್ತನೆಯ ತರಗತಿಯನ್ನು ಮುಗಿಸಿದ ನಮ್ಮ ಹುಡುಗರಲ್ಲಿ ಹಲವರ ಕೈಗೆ ಮೊದಲು ದೊರೆಯುವ ಕೆಲಸವೇ ಇದು: "ಈ ಬಾಗಿಲಿನ ಬಣ್ಣ ಕೆರೆ." ಯಾವ ಕೆಲಸದಲ್ಲಿ ನಮ್ಮ ಮಕ್ಕಳ ಕೈಯೂ ಉಸಿರೂ ತೊಡಗಿವೆಯೋ ಅದು ನಮ್ಮ ಸಂಘದ ವಿಚಾರಕ್ಕೆ ಹೊರತಾದುದಲ್ಲ.

ಕೊಲ್ಹಾಪುರದ ಮಣ್ಣಿನಲ್ಲಿ ಬಣ್ಣದ ಕೆಲಸಕ್ಕೆ ಎಂದೂ ಗೌರವ ಕಡಿಮೆಯಾಗಿಲ್ಲ. ಮಿಸ್ತ್ರಿ ಮನೆತನದಲ್ಲಿ ಹುಟ್ಟಿ, ನಾಟಕದ ಪರದೆಗಳಿಗೆ ಬಣ್ಣ ಬರೆದು, ತಮ್ಮ ಕಸುಬನ್ನೇ ಹೆಸರಾಗಿ ಧರಿಸಿದ ಬಾಬುರಾವ್ ಪೇಂಟರರು (೧೮೯೦-೧೯೫೪) ಈ ಊರಿನವರು. ಚಲಚ್ಚಿತ್ರ ತೆಗೆಯುವ ಕ್ಯಾಮರಾವನ್ನು ೧೯೧೮ರಲ್ಲಿ ಇಲ್ಲಿಯೇ ಕೈಯಾರೆ ನಿರ್ಮಿಸಿದವರು ಅವರು. ಕೈಗೆ ಮೆತ್ತಿದ ಬಣ್ಣ ಕೀಳಲ್ಲವೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಈ ವಿದ್ಯೆ ನಮ್ಮ ತಾಯಂದಿರಿಗೆ ಹೊಸದೇನೂ ಅಲ್ಲ. ಹಿಂದೆ ಕಲಾಯಿಯವನು ಓಣಿಗೆ ಬಂದಾಗ ಮೊದಲು ಏನು ಮಾಡುತ್ತಿದ್ದನು? ಪಾತ್ರೆಯನ್ನು ಬೆಂಕಿಯ ಮೇಲೆ ಕಾಸಿ, ಕಿಲುಬನ್ನೂ ಕರಿಯನ್ನೂ ತಿಕ್ಕಿ ತೆಗೆದು, ನವಸಾಗರದ ಪುಡಿಯನ್ನೆರಚಿ ಒರೆಸಿ, ಲೋಹದ ಮೈ ಬೆಳಗಿದ ಮೇಲೆಯೇ ತವರವನ್ನು ಸವರುತ್ತಿದ್ದನು. ಕೊಳೆಯ ಮೇಲೆ ಸವರಿದ ತವರ ನಿಲ್ಲುವುದಿಲ್ಲವೆಂಬುದನ್ನು ಅವನು ಬಲ್ಲನು. ದೀಪಾವಳಿಗೆ ಸುಣ್ಣ ಬಳಿಯುವಾಗಲೂ ಹಾಗೆಯೇ. ಸಡಿಲಗೊಂಡು ಚಕ್ಕೆಯೆದ್ದ ಹಳೆಯ ಸುಣ್ಣವನ್ನು ಕೆರೆಯದೆ ಬಳಿದರೆ, ಹೊಸ ಸುಣ್ಣ ಹಳೆಯದನ್ನೂ ಕಟ್ಟಿಕೊಂಡು ಉದುರುವುದು. ಕಾರಿನ ಬಣ್ಣದ ಧರ್ಮವೂ ಇದೇ. ಹೊಸ ಬಣ್ಣವು ಎಷ್ಟು ಬೆಲೆಯುಳ್ಳದ್ದಾದರೂ ಅದರ ಆಯುಸ್ಸು ಅಡಿಯಲ್ಲಿರುವುದರ ಗಟ್ಟಿತನಕ್ಕಿಂತ ಹೆಚ್ಚಾಗಲಾರದು. ಹೊರಗೆ ಥಳಕು ಒಳಗೆ ಹುಳುಕು ಎಂಬ ನಾಣ್ಣುಡಿಯು ಇಂತಹ ಕೆಲಸವನ್ನು ಕಂಡೇ ಹುಟ್ಟಿತೋ ಏನೋ!

ಹಾಗಾದರೆ ಎಲ್ಲವನ್ನೂ ಕೆರೆದು ಹಾಕುವುದೇ ಸರಿಯೆ? ಅಲ್ಲ. ಇಲ್ಲಿ ನಮ್ಮ ವ್ಯಾಕರಣವು ಒಂದು ಒಳ್ಳೆಯ ಪಾಠವನ್ನು ಹೇಳುತ್ತದೆ. ನಮ್ಮ ವಿದ್ಯಾರ್ಥಿಗಳು ಲೋಪಸಂಧಿಯನ್ನು ಓದಿದ್ದಾರೆ. ಊರು ಎಂಬುದಕ್ಕೆ ಅಲ್ಲಿ ಸೇರಿದಾಗ ಉಕಾರವು ಲೋಪವಾಗಿ ಊರಲ್ಲಿ ಎಂದಾಗುವುದು. ಆದರೆ ಗುರು ಎಂಬುದಕ್ಕೆ ಅನ್ನು ಸೇರಿದಾಗ ಉಕಾರವನ್ನು ತೆಗೆದರೆ ಶಬ್ದವೇ ಕೆಡುವುದು. ಅಲ್ಲಿ ವಕಾರವನ್ನು ಕೂಡಿಸಿ ಗುರುವನ್ನು ಎನ್ನಬೇಕು. ಅರ್ಥ ಕೆಡದಂತಿದ್ದರೆ ಮಾತ್ರ ಲೋಪ ಎಂಬುದು ನಿಯಮ. ಬಣ್ಣ ಕಳೆಯುವವನಿಗೂ ಇದೇ ಸೂತ್ರ. ತೆಗೆಯುವುದರಿಂದ ವಸ್ತುವಿನ ಅರ್ಥ ಕೆಡುವಂತಿದ್ದರೆ ತೆಗೆಯಬಾರದು. ಉಳಿಸಿಕೊಂಡು ಮೇಲೆ ಕೂಡಿಸಬೇಕು.

ಒಂದು ಉದಾಹರಣೆ. ಕೊಲ್ಹಾಪುರದ ದಸರೆಯನ್ನು ಕಂಡವರೆಲ್ಲರೂ ಛತ್ರಪತಿ ಮನೆತನದ ಹಳೆಯ ಮೇಬ್ಯಾಕ್ ಕಾರನ್ನು ಕಂಡಿರುತ್ತಾರೆ. ೧೯೨೨ರಿಂದ ೧೯೪೦ರವರೆಗೆ ಆಳಿದ ರಾಜಾರಾಮ ಮಹಾರಾಜರ ಕಾಲದ ಈ ಜರ್ಮನಿಯ ಕಾರು ಸೀಮೋಲ್ಲಂಘನಕ್ಕೆ ಹೊರಟು ಬರುವಾಗ ದಸರಾ ಚೌಕದಲ್ಲಿ ಜನರು ಅದನ್ನೂ ಒಂದು ಉತ್ಸವಮೂರ್ತಿಯಂತೆ ನೋಡುತ್ತಾರೆ. ಆ ಕಾಲದಲ್ಲಿ ಮೇಬ್ಯಾಕ್ ಕಂಪನಿಯವರು ಯಂತ್ರವನ್ನೂ ಅಡಿಗಟ್ಟನ್ನೂ ಮಾಡಿಕೊಡುತ್ತಿದ್ದರು. ಮೈಯನ್ನು ಬೇರೆ ಕುಶಲಿಗಳು ತಗಡು ಬಡಿದು ರೂಪಿಸುತ್ತಿದ್ದರು. ಅಂತಹ ತಗಡಿನ ಮೇಲೆ ಸುತ್ತಿಗೆಯ ಏಟಿನ ಗುರುತೂ ಮೊದಲ ಬಣ್ಣದ ಪದರವೂ ಇತಿಹಾಸದ ಶಾಸನಗಳೇ ಸರಿ. ಶಿರೋಳ ತಾಲೂಕಿನ ಖಿದ್ರಾಪುರದ ಕೋಪೇಶ್ವರ ದೇವಾಲಯದಲ್ಲಿ ನಮ್ಮ ಕನ್ನಡ ಶಾಸನಗಳು ಇಂದಿಗೂ ಇವೆ. ಅಂತಹ ಶಾಸನದ ಕಲ್ಲಿಗೆ ಸುಣ್ಣ ಮೆತ್ತಿದ್ದರೆ ಅದನ್ನು ತೆಗೆಯಬೇಕಾದುದು ನಿಜ. ಆದರೆ ಉಳಿಯನ್ನು ಹಿಡಿದು ತೆಗೆಯಹೊರಟರೆ ಸುಣ್ಣದ ಜೊತೆಗೆ ಅಕ್ಷರವೂ ಹೋಗುವುದು.

ಈಗ ಕಾನೂನೂ ಈ ಮಾತನ್ನು ಹೇಳುತ್ತದೆ. ಭಾರತ ಸರಕಾರವು ೨೦೨೧ರಲ್ಲಿ ಹೊರಡಿಸಿದ ನಿಯಮಗಳಂತೆ, ಮೊದಲ ನೋಂದಣಿಯಿಂದ ೫೦ ವರ್ಷ ಮೀರಿದ ಎರಡು ಮತ್ತು ನಾಲ್ಕು ಗಾಲಿಗಳ ಖಾಸಗಿ ವಾಹನವು ತನ್ನ ಮೂಲರೂಪದಲ್ಲಿಯೇ ಉಳಿದಿದ್ದರೆ ಅದನ್ನು ವಿಂಟೇಜ್ ವಾಹನವೆಂದು ನೋಂದಾಯಿಸಬಹುದು. ಅದರ ಸಂಖ್ಯಾಫಲಕದಲ್ಲಿ 'ವಿಎ' ಎಂಬ ಅಕ್ಷರಗಳು ಸೇರುವುವು. ಅಡಿಗಟ್ಟು, ಮೈ, ಯಂತ್ರ ಇವುಗಳನ್ನು ಗಣನೀಯವಾಗಿ ಬದಲಿಸಿರಬಾರದು. ಅಂದರೆ ೧೯೭೦ರ ಒಂದು ಅಂಬಾಸಿಡರ್, ಒಂದು ಫಿಯಟ್, ಯಾರದೋ ತೋಟದ ಮೂಲೆಯಲ್ಲಿ ಕೋಳಿಗಳಿಗೆ ಗೂಡಾಗಿ ಬಿದ್ದಿದ್ದ ಹಳೆಯ ಜೀಪು, ಇವೆಲ್ಲವೂ ಈಗ ಬೆಲೆಯುಳ್ಳ ವಸ್ತುಗಳಾಗಿವೆ. ಅಂಬಾಸಿಡರ್ ಕಾರಿನ ತಯಾರಿಕೆ ೨೦೧೪ರಲ್ಲಿ ನಿಂತುಹೋಯಿತು. ಹೊಸದು ಹುಟ್ಟದ ಮೇಲೆ ಹಳೆಯದನ್ನು ಬದುಕಿಸುವ ಕೈಗಳಿಗೆ ಬೇಡಿಕೆ ಬಂದೇ ಬರುವುದು. ಕರ್ನಾಟಕದಲ್ಲಿ ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯಕ್ಕೆ ಹೋದವರು ಅಲ್ಲಿನ ಹಳೆಯ ಕಾರುಗಳ ಸಂಗ್ರಹವನ್ನು ನೋಡಿ ಬೆರಗಾಗುತ್ತಾರೆ. ಆ ಹೊಳಪಿನ ಹಿಂದೆ ಹೆಸರಿಲ್ಲದ ಕುಶಲಿಗಳ ತಿಂಗಳುಗಟ್ಟಲೆಯ ಶ್ರಮವಿದೆ.

ಇನ್ನು ಕ್ರಮವನ್ನು ಹೇಳೋಣ. ಮೊದಲನೆಯ ಹೆಜ್ಜೆ ಕೈಯದಲ್ಲ, ಕಣ್ಣಿನದು. ಕಾರಿನ ಮೂಲ ಬಣ್ಣವಾವುದೆಂಬುದನ್ನು ಬಿಸಿಲೂ ಮಳೆಯೂ ತಾಗದ ಎಡೆಗಳಲ್ಲಿ, ಎಂದರೆ ಆಸನದ ಕೆಳಗೆ, ಬಾಗಿಲಿನ ಒಳಮೈಯಲ್ಲಿ, ಕಂಪನಿಯ ಹೆಸರಿನ ಫಲಕದ ಹಿಂದೆ ಹುಡುಕಬೇಕು. ಹುಡುಕಿ ಚಿತ್ರ ತೆಗೆದಿಟ್ಟುಕೊಳ್ಳಬೇಕು. ತರುವಾಯ ಒಂದು ಮೂಲೆಯಲ್ಲಿ ರೂಪಾಯಿಯಗಲದಷ್ಟು ಜಾಗವನ್ನು ನೀರುಕಾಗದದಿಂದ ಮೆಲ್ಲನೆ ಉಜ್ಜಿದರೆ, ಕಡಿದ ಮರದ ಬುಡದಲ್ಲಿ ವರ್ಷವರ್ಷದ ಬಳೆಗಳು ಕಾಣುವಂತೆ ಬಣ್ಣಗಳು ಬಳೆಬಳೆಯಾಗಿ ತೋರುವುವು: ಮೇಲೆ ಬಿಳಿಯದು, ಅದರಡಿ ನೀಲಿಯದು, ಅದರಡಿ ಹಸುರು, ಕೊನೆಗೆ ಅಸ್ತರಿನ ಕೆಂಪು. ಆ ಕಾರು ಎಷ್ಟು ಕೈ ಬದಲಾಯಿಸಿತು, ಎಲ್ಲಿ ಪೆಟ್ಟು ತಿಂದಿತು ಎಂಬ ಜಾತಕವು ಅಲ್ಲಿದೆ. ಪದರಗಳು ಗಟ್ಟಿಯಾಗಿ ಕಚ್ಚಿಕೊಂಡಿದ್ದರೆ, ತುಕ್ಕೂ ಬಿರುಕೂ ಇಲ್ಲದಿದ್ದರೆ, ಅವುಗಳನ್ನು ತೆಗೆಯಬೇಕಾಗಿಯೇ ಇಲ್ಲ. ಉಜ್ಜಿ ಒರಟುಮಾಡಿ ಅದರ ಮೇಲೆಯೇ ಬಣ್ಣ ಕೊಡಬಹುದು. ಬಿರುಕು, ಗುಳ್ಳೆ, ಚಕ್ಕೆ, ಅಡಿಯಲ್ಲಿ ಹಬ್ಬಿದ ತುಕ್ಕು ಕಂಡರೆ ಮಾತ್ರ ಲೋಹದವರೆಗೆ ಹೋಗತಕ್ಕದ್ದು.

ಎರಡನೆಯದು, ಬಣ್ಣದ ಜಾತಿಯನ್ನು ಅರಿಯುವುದು. ಮೋಟಾರು ಹುಟ್ಟಿದ ಕಾಲದಲ್ಲಿ ಕುದುರೆಗಾಡಿಗಳಿಗೆ ಹಚ್ಚುತ್ತಿದ್ದ ಎಣ್ಣೆಯ ವಾರ್ನಿಷನ್ನೇ ಕಾರಿಗೂ ಹಚ್ಚುತ್ತಿದ್ದರು. ಅದು ಪೂರ್ತಿಯಾಗಿ ಒಣಗಿ ಮುಗಿಯಲು ವಾರಗಳೇ ಹಿಡಿಯುತ್ತಿದ್ದವು. ೧೯೨೩ರಲ್ಲಿ ಅಮೆರಿಕದ ಡ್ಯೂಪಾಂಟ್ ಕಂಪನಿಯವರು ಡ್ಯೂಕೊ ಎಂಬ ನೈಟ್ರೋಸೆಲ್ಯುಲೋಸ್ ಬಣ್ಣವನ್ನು ತಂದ ಮೇಲೆ ವಾರಗಳ ಕೆಲಸ ಗಂಟೆಗಳಿಗೆ ಇಳಿಯಿತು. ಅನಂತರ ಎನಾಮಲ್ ಬಣ್ಣಗಳೂ, ಇತ್ತೀಚೆಗೆ ಎರಡು ದ್ರವಗಳನ್ನು ಬೆರೆಸಿ ಹೊಡೆಯುವ ಬಣ್ಣಗಳೂ ಬಂದವು. ಬಟ್ಟೆಯನ್ನು ಥಿನ್ನರಿನಲ್ಲಿ ಅದ್ದಿ ಉಜ್ಜಿ ನೋಡಿದರೆ, ಡ್ಯೂಕೊ ಜಾತಿಯದು ಕರಗಿ ಬಟ್ಟೆಗೆ ಬರುವುದು. ಎನಾಮಲ್ ಮೆತ್ತಗಾಗಿ ಸುಕ್ಕುಗಟ್ಟುವುದು. ಎರಡು ದ್ರವದ್ದು ಅಲುಗಾಡದು. ರೋಗವನ್ನು ತಿಳಿಯದೆ ಔಷಧ ಕೊಡಬಾರದಷ್ಟೆ.

ಮೂರನೆಯದು, ಲೋಹದ ಜಾತಿಯನ್ನು ಅರಿಯುವುದು. ಇದಕ್ಕೆ ಒಂದು ಅಯಸ್ಕಾಂತದ ತುಂಡು ಸಾಕು. ಉಕ್ಕಿಗೆ ಅದು ಕಚ್ಚುವುದು, ಅಲ್ಯುಮಿನಿಯಮ್ಮಿಗೆ ಕಚ್ಚದು. ಉಕ್ಕೆಂದು ತಿಳಿದೆಡೆಯಲ್ಲಿ ಹಿಡಿತ ಸಡಿಲವಾದರೆ ಅಲ್ಲಿ ದಪ್ಪನಾಗಿ ಪುಟ್ಟಿ ತುಂಬಿದೆಯೆಂದು ತಿಳಿಯಬೇಕು. ಈ ಸಣ್ಣ ಪರೀಕ್ಷೆಯನ್ನು ಬಿಟ್ಟವರು ದೊಡ್ಡ ನಷ್ಟವನ್ನು ತಂದುಕೊಳ್ಳುತ್ತಾರೆ. ಕಾರಣವನ್ನು ಮುಂದೆ ಹೇಳುತ್ತೇವೆ.

ಈಗ ಕಳೆಯುವ ಮಾರ್ಗಗಳು. ಕೈಯಿಂದ ಕೆರೆದು ಉಜ್ಜುವುದು ಎಲ್ಲಕ್ಕಿಂತ ನಿಧಾನವಾದುದು, ತಗಡಿಗೆ ಎಲ್ಲಕ್ಕಿಂತ ಕಡಿಮೆ ಅಪಾಯದ್ದು. ಅಲಗನ್ನು ಓರೆಯಾಗಿ ಹಿಡಿದು ಬಣ್ಣದಡಿಗೆ ತೂರಿಸಬೇಕೇ ಹೊರತು ತಗಡನ್ನು ಗೀರಬಾರದು.

ಮರಳನ್ನೋ ಉಕ್ಕಿನ ಗುಂಡನ್ನೋ ಗಾಳಿಯ ಒತ್ತಡದಿಂದ ಹೊಡೆಯುವುದು ಎರಡನೆಯ ಮಾರ್ಗ. ಎರಕದ ಮನೆಯಲ್ಲಿ ದುಡಿಯುವ ನಮ್ಮ ಬಂಧುಗಳಿಗೆ ಶಾಟ್ ಬ್ಲಾಸ್ಟಿಂಗ್ ದಿನನಿತ್ಯದ ಕೆಲಸ. ಎರಕದ ವಸ್ತು ದಪ್ಪವಾದುದು. ಆ ಏಟನ್ನು ತಾಳಿಕೊಳ್ಳುವುದು. ಕಾರಿನ ತಗಡಾದರೋ ಸುಮಾರು ಒಂದು ಮಿಲಿಮೀಟರಿನದು. ಅದರ ಒಂದು ಮುಖಕ್ಕೆ ಮಾತ್ರ ಲಕ್ಷಾಂತರ ಸಣ್ಣ ಏಟುಗಳು ಬಿದ್ದಾಗ ಆ ಮುಖವು ಹಿಗ್ಗುವುದು, ಇನ್ನೊಂದು ಮುಖ ಹಿಗ್ಗದು. ತಗಡು ಹಪ್ಪಳದಂತೆ ಉಬ್ಬಿ ಡೊಂಕಾಗುವುದು. ಒಮ್ಮೆ ಡೊಂಕಾದ ಬಾನೆಟ್ಟನ್ನು ಮತ್ತೆ ಸಮಮಾಡುವುದು ಬಹು ಕಷ್ಟ. ಆದುದರಿಂದ ಮೃದುವಾದ ಪುಡಿಗಳನ್ನು ಹುಡುಕಿದರು. ಅಮೆರಿಕದ ಸ್ವಾತಂತ್ರ್ಯದೇವಿಯ ಪ್ರತಿಮೆಯನ್ನು ೧೯೮೬ರ ಶತಮಾನೋತ್ಸವಕ್ಕಾಗಿ ಜೀರ್ಣೋದ್ಧಾರ ಮಾಡಿದಾಗ, ಒಳಮೈಯ ಬಣ್ಣದ ಪದರಗಳನ್ನು ಅತಿಶೀತಲವಾದ ದ್ರವ ಸಾರಜನಕದಿಂದ ಉದುರಿಸಿ, ಅದರಡಿಯ ಡಾಂಬರನ್ನು ನಮ್ಮ ಅಡಿಗೆಮನೆಯ ಸೋಡಾಪುಡಿಯನ್ನು ಗಾಳಿಯಿಂದ ಹೊಡೆದು ತೆಗೆದರು. ತಾಮ್ರದ ತಗಡಿಗೆ ಪೆಟ್ಟಾಗಬಾರದೆಂಬುದೇ ಕಾರಣ. ಅದೇ ಉಪಾಯ ಇಂದು ಕಾರಿನ ತಗಡಿಗೂ ಬಂದಿದೆ. ಆದರೆ ಸೋಡಾ ಸ್ವಲ್ಪ ಉಳಿದರೂ ಹೊಸ ಬಣ್ಣ ಹಿಡಿಯದು, ಚೆನ್ನಾಗಿ ತೊಳೆಯಬೇಕು.

ಮರಳಿನ ವಿಷಯದಲ್ಲಿ ಇನ್ನೊಂದು ಮಾತು. ಹೊಡೆದ ಮರಳು ಒಡೆದು ಕಣ್ಣಿಗೆ ಕಾಣದ ಧೂಳಾಗಿ ಪುಪ್ಪುಸದೊಳಗೆ ನೆಲಸುವುದು. ಅದರಿಂದ ಬರುವ ಸಿಲಿಕೋಸಿಸ್ ರೋಗವು ಒಮ್ಮೆ ಬಂದರೆ ಹೋಗುವುದಿಲ್ಲ. ಎರಕದ ವಸ್ತುಗಳನ್ನು ಮರಳು ಹೊಡೆದು ಶುದ್ಧಮಾಡುವುದನ್ನು ಬ್ರಿಟನ್ ದೇಶವು ೧೯೪೯ರ ನಿಯಮಗಳಿಂದಲೇ ನಿಷೇಧಿಸಿತು. ನಮ್ಮ ದೇಶದ ೧೯೪೮ರ ಕಾರ್ಖಾನೆ ಕಾಯಿದೆಯು ಸೀಸದ ವಿಷವನ್ನೂ ಸಿಲಿಕೋಸಿಸನ್ನೂ ಸರಕಾರಕ್ಕೆ ತಿಳಿಸಲೇಬೇಕಾದ ರೋಗಗಳ ಪಟ್ಟಿಯಲ್ಲಿ ಸೇರಿಸಿತ್ತು. ಅಪಾಯವು ಹೊಸದಾಗಿ ತಿಳಿದುದಲ್ಲ. ತಿಳಿದದ್ದು ಕೆಲಸಗಾರನ ಕಿವಿಯನ್ನು ಮುಟ್ಟಿಲ್ಲ, ಅಷ್ಟೆ.

ಬೆಂಕಿಯಿಂದ ಕಾಸಿ ಕೆರೆಯುವುದು ಮೂರನೆಯ ಮಾರ್ಗ. ಬ್ಲೋ ಲ್ಯಾಂಪಿನ ಜ್ವಾಲೆಗೆ ತಗಡು ಡೊಂಕಾಗುವುದು. ಹಳೆಯ ಕಾರುಗಳ ಸಂದುಗಳಲ್ಲಿ ತವರ-ಸೀಸದ ಬೆಸುಗೆಯನ್ನು ತುಂಬಿರುತ್ತಾರೆ. ಅದು ೧೮೩ ಡಿಗ್ರಿ ಸೆಂಟಿಗ್ರೇಡಿಗೇ ಮೆತ್ತಗಾಗತೊಡಗುವುದು. ಎಲ್ಲಕ್ಕಿಂತ ಮಿಗಿಲಾಗಿ, ಹಳೆಯ ಬಣ್ಣದಲ್ಲಿರುವ ಸೀಸವು ಹೊಗೆಯಾಗಿ ಉಸಿರಿಗೆ ಸೇರುವುದು. ಈ ಮಾರ್ಗವನ್ನು ಬಿಡುವುದೇ ಮೇಲು.

ನಾಲ್ಕನೆಯದು ಔಷಧಿಯ ಮಾರ್ಗ. ಕಾಸ್ಟಿಕ್ ಸೋಡಾದ ಬಿಸಿ ತೊಟ್ಟಿಯಲ್ಲಿ ತಗಡನ್ನು ಮುಳುಗಿಸಿದರೆ ಎಣ್ಣೆಯ ಬಣ್ಣವೂ ಎನಾಮಲ್ಲೂ ಸಾಬೂನಿನಂತಾಗಿ ಕಳಚಿಕೊಳ್ಳುವುವು. ನಮ್ಮ ಅಗಸರು ಸವಳು ಮಣ್ಣಿನಿಂದ ಬಟ್ಟೆಯ ಜಿಡ್ಡನ್ನು ತೆಗೆಯುತ್ತಿದ್ದ ತತ್ತ್ವವೇ ಇದು. ಆದರೆ ಅದರ ಉಗ್ರತೆ ನೂರ್ಮಡಿ. ಉಕ್ಕನ್ನು ಅದು ತಿನ್ನದು. ಅಲ್ಯುಮಿನಿಯಮ್ಮನ್ನು ನೊರೆನೊರೆಯಾಗಿ ತಿಂದುಬಿಡುವುದು. ಅದರಿಂದೇಳುವ ಜಲಜನಕವು ಕಿಡಿ ಸೋಕಿದರೆ ಹೊತ್ತಿಕೊಳ್ಳುವುದು. ಅಯಸ್ಕಾಂತದ ಪರೀಕ್ಷೆಯನ್ನು ನಾವು ಒತ್ತಿ ಹೇಳಿದುದು ಇದಕ್ಕಾಗಿ. ಇನ್ನೊಂದು ದೋಷವೆಂದರೆ, ಬಾಗಿಲಿನ ಅಂಚಿನ ಮಡಿಕೆಯಲ್ಲಿ ಕಾಸ್ಟಿಕ್ ಉಳಿದುಕೊಂಡು, ತಿಂಗಳುಗಳ ಮೇಲೆ ಒಸರಿ, ಹೊಸ ಬಣ್ಣವನ್ನು ಎಬ್ಬಿಸಿಬಿಡುವುದು.

ಡಬ್ಬಿಯಲ್ಲಿ ಬರುವ ಪೇಂಟ್ ರಿಮೂವರ್ ಬೇರೊಂದು ಬಗೆ. ಇವುಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವುದು ಮೆಥಿಲೀನ್ ಕ್ಲೋರೈಡ್ ಎಂಬ ದ್ರವ. ಅದನ್ನು ಬಳಿದು ಸ್ವಲ್ಪ ಹೊತ್ತು ಬಿಟ್ಟರೆ ಬಣ್ಣವು ಸುಕ್ಕಾಗಿ ಎದ್ದು ಬರುವುದು, ನೋಡಲು ಇಂದ್ರಜಾಲದಂತೆ. ಆದರೆ ಈ ದ್ರವವು ಸುಮಾರು ೪೦ ಡಿಗ್ರಿಗೇ ಕುದಿಯುವುದು. ನಮ್ಮ ಬೇಸಗೆಯಲ್ಲಿ ಬಲುಬೇಗನೆ ಆವಿಯಾಗುವುದು. ಆವಿಯು ಗಾಳಿಗಿಂತ ಭಾರವಾದುದರಿಂದ ತಗ್ಗಿನಲ್ಲಿ, ಗುಂಡಿಯಲ್ಲಿ, ಕಾರಿನ ಒಳಗೆ ನಿಂತುಕೊಳ್ಳುವುದು. ವಾಸನೆ ಸಿಹಿ, ಕೆಲಸ ಕಹಿ. ಉಸಿರಿನಿಂದ ಒಳಹೊಕ್ಕ ಮೇಲೆ ಅದು ದೇಹದಲ್ಲಿ ಇಂಗಾಲದ ಮಾನಾಕ್ಸೈಡ್ ಆಗಿ ರಕ್ತದ ಪ್ರಾಣವಾಯುವನ್ನು ಕಿತ್ತುಕೊಳ್ಳುವುದು. ಮುಚ್ಚಿದ ಕೋಣೆಯಲ್ಲಿ ಇದನ್ನು ಬಳಸಿ ಸತ್ತವರು ಪರದೇಶಗಳಲ್ಲಿ ಅನೇಕರು. ಅಮೆರಿಕವು ೨೦೧೯ರಲ್ಲಿ ಮನೆಬಳಕೆಯ ಪೇಂಟ್ ರಿಮೂವರುಗಳಲ್ಲಿ ಇದರ ಮಾರಾಟವನ್ನೇ ನಿಷೇಧಿಸಿತು. ಮುಖಕ್ಕೆ ಕಟ್ಟಿದ ಕರವಸ್ತ್ರವು ಈ ಆವಿಯನ್ನು ಎಳ್ಳಷ್ಟೂ ತಡೆಯದು. ಬೇರೆ ದ್ರವ ದೊರೆಯುವಲ್ಲಿ ಇದನ್ನು ಬಿಡುವುದೇ ಲೇಸು. ದೊರೆಯದಿದ್ದರೆ ಬಯಲಿನಲ್ಲಿ, ಗಾಳಿಗೆ ಬೆನ್ನು ಕೊಟ್ಟು ಕೆಲಸ ಮಾಡಬೇಕು.

ಬಣ್ಣ ಹೋದ ತಗಡು ಹೊಕ್ಕುಳು ಕುಯ್ದ ಕೂಸಿನಂತೆ, ಕೂಡಲೇ ಹೊದಿಸಬೇಕು. ಕೊಲ್ಹಾಪುರದ ಮಳೆಗಾಲದಲ್ಲಿ ಬೆಳಗ್ಗೆ ಬೆಳ್ಳಿಯಂತಿದ್ದ ಉಕ್ಕು ಸಂಜೆಗೆ ಅರಿಸಿನದ ಬಣ್ಣಕ್ಕೆ ತಿರುಗುವುದು. ಬರಿಗೈಯಿಂದ ಮುಟ್ಟಿದ ಬೆವರಿನ ಗುರುತೇ ಮರುದಿನ ತುಕ್ಕಾಗಿ ಮೂಡುವುದು. ಆದುದರಿಂದ ತೊಳೆದು, ಪೂರ್ತಿಯಾಗಿ ಒಣಗಿಸಿ, ಬೇಕಾದರೆ ಫಾಸ್ಫಾರಿಕ್ ಆಮ್ಲದ ಲೇಪ ಕೊಟ್ಟು, ಅದೇ ದಿನ ಅಸ್ತರು ಹಚ್ಚಬೇಕು. ಒಂದು ದಿನದಲ್ಲಿ ಎಷ್ಟನ್ನು ಹೊದಿಸಬಲ್ಲೆವೋ ಅಷ್ಟನ್ನೇ ಬತ್ತಲೆಮಾಡತಕ್ಕದ್ದು.

ಮಹನೀಯರೇ, ಇಷ್ಟು ಹೊತ್ತು ತಗಡಿನ ಕ್ಷೇಮವನ್ನು ಹೇಳಿದೆವು. ಇನ್ನು ಮನುಷ್ಯನ ಕ್ಷೇಮ. ತಾಯಂದಿರು ದಯಮಾಡಿ ಇದನ್ನು ಗಮನವಿಟ್ಟು ಕೇಳಬೇಕು.

ಹಳೆಯ ಬಣ್ಣಗಳಲ್ಲಿ ಸೀಸವಿದೆ. ಕೆಂಪು ಅಸ್ತರಿನಲ್ಲಿ ಸಿಂಧೂರವಾಗಿ, ಹಳದಿಯಲ್ಲಿ ಸೀಸದ ಕ್ರೋಮೇಟಾಗಿ ಅದು ಅಡಗಿರುವುದು. ಮನೆಗಳಿಗೆ ಹಚ್ಚುವ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷಕ್ಕೆ ೯೦ ಭಾಗವನ್ನು ಮೀರಬಾರದೆಂದು ಭಾರತದಲ್ಲಿ ೨೦೧೬ರಲ್ಲಿ ನಿಯಮವಾಯಿತು. ಆದರೆ ಐವತ್ತು ವರ್ಷಗಳ ಹಿಂದೆ ಕಾರಿಗೆ ಹಚ್ಚಿದ ಬಣ್ಣಕ್ಕೆ ಆ ನಿಯಮ ತಾಗುವುದೆಂತು? ಅದನ್ನು ಒಣಗಿದಂತೆಯೇ ಯಂತ್ರದಿಂದ ಉಜ್ಜಿದಾಗ ಸೀಸವು ನಯವಾದ ಧೂಳಾಗಿ ಕೂದಲಿಗೆ, ಅಂಗಿಗೆ, ಉಗುರಿನ ಸಂದಿಗೆ ಸೇರುವುದು. ಕೆಲಸದವನು ಆ ಕೈಯಿಂದಲೇ ತಂಬಾಕು ತಿಕ್ಕಿ ಬಾಯಿಗಿಡುವನು. ಸಂಜೆ ಮನೆಗೆ ಬಂದು ಬಾಗಿಲಲ್ಲಿ ಓಡಿಬರುವ ಕೂಸನ್ನು ಅದೇ ಅಂಗಿಯಲ್ಲಿ ಎತ್ತಿಕೊಳ್ಳುವನು. ಹೆಂಡತಿಯು ಆ ಅಂಗಿಯನ್ನು ಮಕ್ಕಳ ಬಟ್ಟೆಯೊಡನೆ ಒಂದೇ ಬುಟ್ಟಿಯಲ್ಲಿ ನೆನೆಯಿಡುವಳು. ಹೀಗೆ ತಂದೆಯ ಪ್ರೀತಿಯೇ ವಿಷದ ವಾಹನವಾಗುವುದು.

ಒಡಲಿಗೆ ಹೋದ ಸೀಸವನ್ನು ಎಳೆಯ ಮಕ್ಕಳು ದೊಡ್ಡವರಿಗಿಂತ ನಾಲ್ಕೈದು ಪಾಲು ಹೆಚ್ಚಾಗಿ ಹೀರಿಕೊಳ್ಳುವರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇಷ್ಟಾದರೆ ಅಡ್ಡಿಯಿಲ್ಲವೆಂಬ ಮಿತಿಯೇ ಸೀಸಕ್ಕೆ ಇಲ್ಲವೆಂದೂ ಅದು ಸಾರಿದೆ. ಸೀಸವು ಮಗುವಿನ ಮೆದುಳಿನ ಬೆಳವಣಿಗೆಯನ್ನು ಕುಗ್ಗಿಸುವುದು. ನೆನಪು ಮಂದವಾಗುವುದು, ಮನಸ್ಸು ಒಂದೆಡೆ ನಿಲ್ಲದು. ನಾವು ಉಪಾಧ್ಯಾಯರು ತರಗತಿಯಲ್ಲಿ ಒಬ್ಬ ಹುಡುಗನನ್ನು ದಡ್ಡನೆಂದು ಕರೆಯುವ ಮುನ್ನ ಹತ್ತು ಸಲ ಯೋಚಿಸಬೇಕಾದುದು ಇದರಿಂದ.

ಆದರೆ ಇದಕ್ಕೆ ಪರಿಹಾರ ದುಬಾರಿಯದಲ್ಲ. ಒಣಗಿದ ಬಣ್ಣವನ್ನು ಉಜ್ಜದೆ ನೀರು ಹಾಕಿ ಉಜ್ಜಬೇಕು, ಧೂಳೇಳದು. ಧೂಳನ್ನು ತಡೆಯುವ ಸರಿಯಾದ ಮುಖಕವಚವನ್ನು ಮಾಲಿಕನಿಂದ ಕೇಳಿ ಪಡೆಯಬೇಕು. ಅದು ಭಿಕ್ಷೆಯಲ್ಲ, ಹಕ್ಕು. ತಿನ್ನುವ ಮೊದಲು ಸಾಬೂನಿನಿಂದ ಕೈ ತೊಳೆಯಬೇಕು. ಕೆಲಸದ ಅಂಗಿಯನ್ನು ಅಲ್ಲಿಯೇ ಬಿಚ್ಚಿಟ್ಟು ಬೇರೆ ಅಂಗಿ ತೊಟ್ಟು ಮನೆಗೆ ಬರಬೇಕು. ತಂದರೂ ಬೇರೆಯಾಗಿ ಒಗೆಯಬೇಕು. ವರ್ಷಗಳಿಂದ ಈ ಕೆಲಸದಲ್ಲಿರುವವರು ರಕ್ತದಲ್ಲಿನ ಸೀಸದ ಪರೀಕ್ಷೆಯನ್ನು ವೈದ್ಯರಲ್ಲಿ ಕೇಳಿ ಮಾಡಿಸಿಕೊಳ್ಳಬೇಕು. ಕೆರೆದ ಬಣ್ಣದ ಕೆಸರನ್ನು ಗಟಾರಕ್ಕೆ ಚೆಲ್ಲಬಾರದು. ಅದು ಅಪಾಯಕರ ತ್ಯಾಜ್ಯವೆಂದು ಎಣಿಸಲ್ಪಟ್ಟಿದೆ. ಡಬ್ಬಿಯಲ್ಲಿ ಕೂಡಿಟ್ಟು ಅದಕ್ಕೆಂದೇ ಇರುವ ವ್ಯವಸ್ಥೆಗೆ ಒಪ್ಪಿಸಬೇಕು. ಗಟಾರಕ್ಕೆ ಚೆಲ್ಲಿದುದು ಇಂದಲ್ಲ ನಾಳೆ ಹಳ್ಳವನ್ನೂ ಹೊಳೆಯನ್ನೂ ಸೇರುವುದು. ಪಂಚಗಂಗೆಯ ಈಗಿನ ಸ್ಥಿತಿಯನ್ನು ಕಂಡವರಿಗೆ ಹೆಚ್ಚು ಹೇಳಬೇಕಾಗಿಲ್ಲ.

ಕೊನೆಯದಾಗಿ ಒಂದು ಸಂಗತಿ. ನಮ್ಮಲ್ಲಿ ಓದಿದ ತರುಣನೊಬ್ಬನು, ಕನ್ನಡದಲ್ಲಿ ಮೊದಲನೆಯ ದರ್ಜೆಯ ಅಂಕ ಪಡೆದವನು, ಒಂದು ಗ್ಯಾರೇಜಿಗೆ ಸೇರಿದನು. ಮೂರನೆಯ ವಾರದಲ್ಲಿ ಅವನ ಎರಡು ಕೈಗಳಿಗೂ ಪಟ್ಟಿ ಕಟ್ಟಿದ್ದಿತು. ಕಾಸ್ಟಿಕ್ಕಿನ ಹಳಕುಗಳ ಮೇಲೆ ನೀರು ಸುರಿಯಲು ಅವನಿಗೆ ಹೇಳಿದ್ದರಂತೆ. ಅದು ಕುದಿದು ಸಿಡಿಯಿತು. ನೀರಿಗೆ ಕಾಸ್ಟಿಕ್ಕನ್ನು ಸ್ವಲ್ಪ ಸ್ವಲ್ಪವಾಗಿ ಹಾಕಬೇಕೇ ಹೊರತು, ಕಾಸ್ಟಿಕ್ಕಿನ ಮೇಲೆ ನೀರನ್ನು ಎಂದಿಗೂ ಸುರಿಯಬಾರದು. ಈ ಎಚ್ಚರಿಕೆ ಚೀಲದ ಮೇಲೆ ಅಚ್ಚಾಗಿರಲಿಲ್ಲವೇ ಎಂದು ನಾವು ಕೇಳಿದೆವು. ಅವನು ಹೇಳಿದನು: "ಇತ್ತು ಗುರುಗಳೇ, ಇಂಗ್ಲಿಷಿನಲ್ಲಿತ್ತು. ಸಣ್ಣ ಅಕ್ಷರ. ಯಾರೂ ಓದಿರಲಿಲ್ಲ." ದೇವರ ದಯೆಯಿಂದ ಕಣ್ಣು ಉಳಿದವು.

ಅಂದಿನಿಂದ ಈ ವಿಚಾರ ನಮ್ಮ ಮನಸ್ಸನ್ನು ಬಿಟ್ಟಿಲ್ಲ. ತಾಯ್ನುಡಿಯ ಅಭಿಮಾನವನ್ನು ನಾವು ಪ್ರತಿವರ್ಷವೂ ಈ ವೇದಿಕೆಯಿಂದ ಸಾರುತ್ತೇವೆ, ಸಾರುವುದು ಯುಕ್ತವೇ. ಆದರೆ ತಾಯ್ನುಡಿಯ ಮೊದಲ ಉಪಯೋಗ ಯಾವುದು? ಮಗು ಒಲೆಯ ಬಳಿ ಹೋದಾಗ ತಾಯಿ 'ಸುಡುತ್ತದೆ, ಮುಟ್ಟಬೇಡ' ಎನ್ನುತ್ತಾಳೆ. ಎಚ್ಚರಿಸುವುದೇ ತಾಯ್ನುಡಿಯ ಮೊದಲ ಧರ್ಮ. ನಮ್ಮ ಹುಡುಗರಿಗೆ ಕಾವ್ಯವನ್ನು ಕನ್ನಡದಲ್ಲಿ ಕೊಟ್ಟೆವು. ವಿಷದ ಡಬ್ಬಿಯ ಎಚ್ಚರಿಕೆಯನ್ನು ಕೊಡಲಿಲ್ಲ.

ಆದುದರಿಂದ ಸಂಘದ ಮುಂದೆ ನಮ್ಮ ಎರಡು ವಿನಂತಿಗಳಿವೆ. ಮೊದಲನೆಯದು: ಕಾಸ್ಟಿಕ್, ರಿಮೂವರ್, ಥಿನ್ನರ್, ಆಮ್ಲ, ಬಣ್ಣದ ಧೂಳು, ಮರಳಿನ ಧೂಳು ಈ ಆರನ್ನು ಕುರಿತು ಗೋಡೆಗೆ ತೂಗುಹಾಕುವ ಒಂದೊಂದು ಫಲಕವನ್ನು ಸಂಘವು ಅಚ್ಚುಹಾಕಿಸಿ ಹಂಚಲಿ. ಒಂದು ಬದಿಗೆ ಕನ್ನಡವಿರಲಿ, ಇನ್ನೊಂದು ಬದಿಗೆ ಮರಾಠಿಯಿರಲಿ. ಏಕೆಂದರೆ ಒಂದೇ ತೊಟ್ಟಿಯ ಬಳಿ ನಮ್ಮ ಹುಡುಗನ ಪಕ್ಕದಲ್ಲಿ ನಿಂತಿರುವವನು ಮರಾಠಿ ತಾಯಿಯ ಮಗ. ವಿಷವು ಗಡಿಯನ್ನು ಕೇಳಿ ಸುಡುವುದಿಲ್ಲ. ವೈದ್ಯರಿಂದಲೂ ಅನುಭವಿಕ ಮಿಸ್ತ್ರಿಗಳಿಂದಲೂ ವಿಷಯವನ್ನು ತಿಳಿದು ಕನ್ನಡದಲ್ಲಿ ಬರೆದುಕೊಡುವ ಭಾರವನ್ನು ನಾವು ಹೊರುತ್ತೇವೆ. ಎರಡನೆಯದು: ತಿಂಗಳಿಗೊಂದು ರವಿವಾರ ಸಂಘದ ಕೋಣೆಯಲ್ಲಿ ನುರಿತ ಮಿಸ್ತ್ರಿಯೊಬ್ಬರು ಹುಡುಗರಿಗೆ ಈ ವಿದ್ಯೆಯನ್ನು ಕ್ರಮವಾಗಿ ಕಲಿಸಲಿ. ಕಲಿತು ಮಾಡಿದರೆ ಇದು ಕಸುಬು. ಕಲಿಯದೆ ಮಾಡಿದರೆ ಬರಿಯ ಕೂಲಿ. ಕಲಿತವನ ಕೈಗೆ ಹಳೆಯ ಕಾರುಗಳು ತಾವಾಗಿ ಹುಡುಕಿಕೊಂಡು ಬರುವುವು; ಅವನ ಮಕ್ಕಳು ನಮ್ಮ ಶಾಲೆಗೆ ಆರೋಗ್ಯವಾಗಿ ಬರುವರು.

ಫಲಕದ ಮೊದಲ ಕರಡನ್ನು ಇಂದು ಬರೆದು ತಂದಿದ್ದೇವೆ; ಸಭೆ ಮುಗಿದ ಮೇಲೆ ಕಾರ್ಯದರ್ಶಿಗಳ ಕೈಗೆ ಒಪ್ಪಿಸುತ್ತೇವೆ. ಈ ಕಸುಬಿನಲ್ಲಿರುವ ಬಂಧುಗಳು ಅದನ್ನು ಓದಿ, ತಿದ್ದುವುದಿದ್ದರೆ ತಿದ್ದಿಕೊಡಬೇಕೆಂದು ಕೇಳಿಕೊಳ್ಳುತ್ತೇವೆ.